ಪೇಟೆ ಕಟ್ಟುವ ದುಡ್ಡಿನ ಲೆಕ್ಕ ನಾನು ಓದಿದ ಬಗೆ

ಪಾಲಿಕೆಯ ಹಳೆಯ ಅಂಗಡಿ ಕಟ್ಟಡಗಳಾದ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡದ ಮಾತು ಬಂದರೆ ಮೈಸೂರಿನಲ್ಲಿ ಎರಡೇ ಗುಂಪು. ಕೆಡವಿ ಹೊಸದು ಕಟ್ಟಿ ಅನ್ನುವವರು, ಇರುವುದನ್ನೇ ರಿಪೇರಿ ಮಾಡಿ ಅನ್ನುವವರು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಜಗಳ ಹೈಕೋರ್ಟಿಗೂ ಹೋಯಿತು. ಇಷ್ಟೆಲ್ಲ ಆಗುವಾಗ ದುಡ್ಡು ಎಲ್ಲಿಂದ ಬರುತ್ತದೆ, ಸಾಲವಾದರೆ ಕಂತು ಯಾವ ಖಾತೆಯಿಂದ ಹೋಗುತ್ತದೆ ಅಂತ ಕೇಳಿದವರು ಕಡಿಮೆ.

ನಾನು ಶಿವರಾಂಪೇಟೆಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದುಕೊಂಡು, ಜಿಎಸ್‌ಟಿ ಕಟ್ಟಿಸಿಕೊಂಡು ಇರುವವನು. ಮಾರುಕಟ್ಟೆಯ ಕೆಲವು ಅಂಗಡಿಯವರು ನನ್ನ ಗಿರಾಕಿಗಳು. ‘ಹೊಸ ಕಟ್ಟಡ ಬಂದರೆ ಬಾಡಿಗೆ ಎಷ್ಟಾಗುತ್ತೆ ಸಾರ್?’ ಅಂತ ಅವರು ಕೇಳಿದ್ದಕ್ಕೇ ಈ ಕೆಲಸಕ್ಕೆ ಕೈಹಾಕಿದೆ. ಪಾಲಿಕೆ ಲೆಕ್ಕ ಓದಲು ದೊಡ್ಡ ಓದು ಬೇಕಿಲ್ಲ. ಯಾವ ಪುಟ ಮೊದಲು ತೆಗೆಯಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಬಜೆಟ್ ಪುಸ್ತಕದ ಮುಖಪುಟದಲ್ಲಿ ‘ಉಳಿತಾಯ ಬಜೆಟ್’ ಅಂತ ದೊಡ್ಡದಾಗಿ ಇರುತ್ತದೆ. ಪತ್ರಿಕೆಯಲ್ಲೂ ಅದೇ ತಲೆಬರಹ. ಆ ಉಳಿತಾಯ ನೋಡಿ ಖುಷಿಪಡಬೇಡಿ. ಆರಂಭಿಕ ಶಿಲ್ಕು (ಕಳೆದ ವರ್ಷದಿಂದ ಉಳಿದು ಬಂದ ಹಣ), ರಾಜಸ್ವ ಜಮಾ (ತೆರಿಗೆ, ಬಾಡಿಗೆಯಂಥದ್ದು), ಬಂಡವಾಳ ಜಮಾ (ಸಾಲದಂಥದ್ದು), ಅಸಾಧಾರಣ ಜಮಾ (ಠೇವಣಿಯಂಥದ್ದು) ಎಲ್ಲವನ್ನೂ ಕೂಡಿ ಖರ್ಚು ಕಳೆದರೆ ಬರುವ ಸಂಖ್ಯೆ ಅದು. ಸಾಲ ತಂದರೂ ಜಮಾ ಆಗುತ್ತದೆ, ಗುತ್ತಿಗೆದಾರರ ಠೇವಣಿ ಬಂದರೂ ಜಮಾ ಆಗುತ್ತದೆ. ನಮ್ಮ ಮನೆ ಕಂದಾಯದ ರಸೀದಿಯನ್ನೇ ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಅಂತ ಬೇರೆ ಇರುತ್ತದೆ. ಪಾಲಿಕೆ ವಸೂಲಿ ಮಾಡುತ್ತದೆ ನಿಜ, ಆದರೆ ಆ ದುಡ್ಡು ಪಾಲಿಕೆಯದಲ್ಲ, ಬೇರೆಯವರಿಗೆ ಸೇರಬೇಕಾದದ್ದು. ಕಟ್ಟದೆ ಇಟ್ಟುಕೊಂಡರೆ ಶಿಲ್ಕು ದಪ್ಪ ಕಾಣುತ್ತದೆ.

ಹಾಗಾಗಿ ನಾನು ಬಜೆಟ್ ಪುಸ್ತಕ ಪಕ್ಕಕ್ಕಿಟ್ಟು ಆಸ್ತಿ–ಹೊಣೆ ಪಟ್ಟಿ ತೆಗೆದೆ. ಕರ್ನಾಟಕದ ನಗರಸಭೆ, ಪಾಲಿಕೆಗಳಿಗೆ 2006ರಲ್ಲಿ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಬಂದವು. ಅವತ್ತಿನಿಂದ ಜೋಡಿ ನಮೂದಿನ ಲೆಕ್ಕ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಲೆಕ್ಕ ಇಡಬೇಕು. ಅಂದರೆ ಒಂದು ಅಂಗಡಿಯ ಬ್ಯಾಲೆನ್ಸ್ ಶೀಟ್ ಓದುವ ಹಾಗೆಯೇ ಪಾಲಿಕೆಯದನ್ನೂ ಓದಬಹುದು. ಮೊದಲು ನಾನು ಹೋದದ್ದು ಸಾಲದ ತಲೆಬರಹಕ್ಕೆ. ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಲೆಕ್ಕ ಶಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಕ್ಕರು. ‘ಸಾಲದ ಕಾಲಂ ಬಿಡಿ ಸಾರ್. ಠೇವಣಿ ನೋಡಿ, ಬಾಕಿ ಬಿಲ್ ನೋಡಿ’ ಅಂದರು.

ಅವರ ಮಾತು ಅಕ್ಷರಶಃ ಸರಿ. ನಮ್ಮಲ್ಲಿ ಪಾಲಿಕೆ ತನ್ನಿಷ್ಟಕ್ಕೆ ಸಾಲ ಎತ್ತುವ ಹಾಗಿಲ್ಲ, ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಬ್ರಿಟಿಷರ ಕಾಲದ 1914ರ ಸ್ಥಳೀಯ ಪ್ರಾಧಿಕಾರಗಳ ಸಾಲ ಕಾಯ್ದೆಯಿಂದಲೇ ಈ ಕಡಿವಾಣ ಇದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಬಿಟ್ಟಾಗಲೂ ಹಿಂದೆ ರಾಜ್ಯದ ಖಾತರಿ ಇತ್ತು. ನೇರ ಸಾಲಕ್ಕೆ ಇಷ್ಟು ಬಿಗಿ ಇರುವಾಗ ಸುತ್ತುದಾರಿಯ ಸಾಲ ಹುಟ್ಟಿಕೊಳ್ಳುತ್ತದೆ.

ಮೊದಲನೆಯದು ಬಾಕಿ ಬಿಲ್. ಕೆಲಸ ಆಗಿರುತ್ತದೆ, ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಅಳತೆ ಬರೆದಿರುತ್ತಾರೆ, ಆದರೆ ಗುತ್ತಿಗೆದಾರರಿಗೆ ದುಡ್ಡು ಕೊಟ್ಟಿರುವುದಿಲ್ಲ. ಅವರು ಹೊರಗೆ ಬಡ್ಡಿಗೆ ತಂದು ನಡೆಸುತ್ತಾರೆ. ಆ ಬಡ್ಡಿ ಮುಂದಿನ ಟೆಂಡರಿನ ದರದಲ್ಲಿ ಸೇರಿಕೊಂಡು ನಮ್ಮ ತಲೆಗೇ ಬರುತ್ತದೆ. ನಗದು ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

ಎರಡನೆಯದು ಅಂಗಡಿ ಠೇವಣಿ. ಇದು ನನ್ನ ಗಿರಾಕಿಗಳಿಗೆ ಹತ್ತಿರದ ವಿಷಯ, ಅದಕ್ಕೇ ಜಾಸ್ತಿ ಹೊತ್ತು ಕೂತೆ. ಹೊಸ ವಾಣಿಜ್ಯ ಸಂಕೀರ್ಣ ಕಟ್ಟುವಾಗ ಮಳಿಗೆ ಹರಾಜು ಹಾಕಿ ಮುಂಗಡ ಠೇವಣಿ ತೆಗೆದುಕೊಳ್ಳುವುದು ನಮ್ಮ ಊರುಗಳಲ್ಲಿ ಹಳೆಯ ಪದ್ಧತಿ. ಆ ದುಡ್ಡು ಕಟ್ಟಡಕ್ಕೆ ಹೋಗುತ್ತದೆ. ಅಂಗಡಿ ಬಿಡುವಾಗ ವಾಪಸ್ ಕೊಡಬೇಕು ಅಲ್ವಾ? ಅಂದಮೇಲೆ ಅದು ಸಾಲವೇ, ಸುಮ್ನೆ ಬಡ್ಡಿ ಇಲ್ಲದ ಸಾಲ. ಠೇವಣಿ ಖಾತೆಯಲ್ಲಿ ಎಷ್ಟು ಬರೆದಿದೆ, ಅದಕ್ಕೆ ಸರಿಯಾಗಿ ಬ್ಯಾಂಕಿನಲ್ಲಿ ಎಷ್ಟು ಇದೆ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಡುವಿನ ಅಂತರವೇ ಖರ್ಚಾಗಿ ಹೋದ ಹಣ.

ಮೂರನೆಯದು ಕರೆಂಟ್ ಬಾಕಿ. ಹೊಂಗಳ್ಳಿ, ಬೆಳಗೊಳದಿಂದ ನೀರೆತ್ತಬೇಕು, ಬೀದಿ ದೀಪ ಉರಿಸಬೇಕು. ಬಿಲ್ ಕಟ್ಟದಿದ್ದರೆ ರಾಜ್ಯದಿಂದ ಬರುವ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದಲ್ಲೇ ಕಡಿತ ಆಗುತ್ತದೆ. ಅದಕ್ಕೆ ಅನುದಾನ ಮಂಜೂರಾದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಅಂತ ಬೇರೆ ಬೇರೆ ಕೇಳಬೇಕು.

ದಾಖಲೆ ಪಡೆಯುವ ವಿಷಯ ಹೇಳಿಬಿಡುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಆದ್ದರಿಂದ ‘ಮಾರುಕಟ್ಟೆ ಯೋಜನೆಯ ಸಂಪೂರ್ಣ ಮಾಹಿತಿ ಕೊಡಿ’ ಅಂತ ಬರೆದರೆ ಕೆಲಸ ಕೆಡುತ್ತದೆ. ನಾನು ಬರೆದದ್ದು ಹೀಗೆ: ‘ಇಂಥ ಕಾಮಗಾರಿಯ ಆಡಳಿತಾತ್ಮಕ ಮಂಜೂರಾತಿ ಆದೇಶ, ಅದರಲ್ಲಿ ನಮೂದಿಸಿದ ಲೆಕ್ಕ ಶೀರ್ಷಿಕೆ ಮತ್ತು ಹಣದ ಮೂಲದ ದೃಢೀಕೃತ ಪ್ರತಿ.’ ಮಂಜೂರಾತಿ ಆದೇಶದ ಕೊನೆಯ ಪ್ಯಾರಾದಲ್ಲಿ ‘ಈ ವೆಚ್ಚವನ್ನು ಇಂಥ ಲೆಕ್ಕ ಶೀರ್ಷಿಕೆಯಿಂದ ಭರಿಸತಕ್ಕದ್ದು’ ಅನ್ನುವ ಒಂದು ವಾಕ್ಯ ಇರುತ್ತದೆ. ದುಡ್ಡು ಯಾವ ಖಾತೆಯಿಂದ ಅಂತ ಹೇಳುವ ಆ ಒಂದು ವಾಕ್ಯವೇ ನನಗೆ ಬೇಕಿದ್ದದ್ದು. ಒಂದು ಕಚೇರಿಯಿಂದ ‘ಕಡತ ಬೇರೆ ಶಾಖೆಯಲ್ಲಿದೆ’ ಅಂತ ಉತ್ತರ ಬಂತು. ಮೇಲ್ಮನವಿ ಹಾಕುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿದೆ. ಕೂತು ನೋಡುವುದೂ ಕಾಯ್ದೆಯಲ್ಲೇ ಇರುವ ಹಕ್ಕು. ಪ್ರತಿ ಕೊಡಲು ಮೀನಮೇಷ ಎಣಿಸುವವರು ಕಡತ ತೋರಿಸಲು ಅಷ್ಟು ತಕರಾರು ಮಾಡುವುದಿಲ್ಲ. ಅಧಿಕಾರಿಗಳು ಕಡತದಲ್ಲಿ ಬರೆದಿಡುವ ಟಿಪ್ಪಣಿ ಹಾಳೆಯನ್ನು ಹಿಂದಿನಿಂದ ಮುಂದಕ್ಕೆ ಓದುವುದು ನನ್ನ ಅಭ್ಯಾಸ. ಹಣದ ಮೂಲ ಬದಲಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಈಗ ಅಂಗಡಿಯವರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಲೆಕ್ಕಕ್ಕೆ 100 ಕೋಟಿ ಸಾಲ ಅಂತ ಇಟ್ಟುಕೊಂಡೆ. ಇದು ಯಾವ ಯೋಜನೆಯ ಅಂಕಿಯೂ ಅಲ್ಲ, ಸುಲಭವಾಗಲಿ ಅಂತ ಹಿಡಿದದ್ದು. ಬಡ್ಡಿ 9%, ಅವಧಿ 15 ವರ್ಷ. ವರ್ಷದ ಕಂತು ಸುಮಾರು 12.4 ಕೋಟಿ. ಒಟ್ಟು ಕಟ್ಟುವುದು 186 ಕೋಟಿ. ದೇವರಾಜ ಮಾರುಕಟ್ಟೆಯಲ್ಲಿ 800ರ ಆಸುಪಾಸು ಅಂಗಡಿಗಳಿವೆ. ಕಂತನ್ನು ಬಾಡಿಗೆಯಿಂದಲೇ ತೀರಿಸಬೇಕೆಂದರೆ ಒಂದು ಅಂಗಡಿಗೆ ತಿಂಗಳಿಗೆ ಸುಮಾರು 13,000 ರೂಪಾಯಿ ಬೀಳುತ್ತದೆ. ವಾಚ್‌ಮನ್, ಲಿಫ್ಟ್, ನೆಲಮಾಳಿಗೆಯ ಪಂಪು, ಸುಣ್ಣಬಣ್ಣ ಇನ್ನೂ ಸೇರಿಲ್ಲ.

ವೀಳ್ಯದೆಲೆ ಅಂಗಡಿಯ ಯಜಮಾನರು ನನಗಿಂತ ಬೇಗ ಲೆಕ್ಕ ಹಾಕಿದರು. ‘ದಿನಕ್ಕೆ 430 ಆಯ್ತಲ್ಲ ಸಾರ್. ಎಲೆ ಮಾರಿ ಅಷ್ಟು ಬಾಡಿಗೆ ಕಟ್ಟಿದ ಮೇಲೆ ಮನೆಗೇನು ತಗೊಂಡು ಹೋಗ್ಲಿ? ಮೇಲಿನ ಮಹಡಿ ಕೊಟ್ಟರೆ ಮೆಟ್ಟಿಲು ಹತ್ತಿ ಎಲೆ ತಗೊಳ್ಳೋಕೆ ಯಾರು ಬರ್ತಾರೆ?’

ಅವರು ಕೊನೆಗೆ ಕೇಳಿದ್ದು ಬಹಳ ಮುಖ್ಯ. ಯೋಜನಾ ವರದಿಗಳು ಎಲ್ಲ ಮಳಿಗೆಯೂ ಮೊದಲ ದಿನದಿಂದಲೇ ತುಂಬುತ್ತದೆ ಅಂತ ಹಿಡಿದರೆ ಆದಾಯ ಚೆನ್ನಾಗಿಯೇ ಕಾಣುತ್ತದೆ. ಆದರೆ ಪಾಲಿಕೆ, ಪುರಸಭೆ ಕಟ್ಟಿಸಿದ ಸಂಕೀರ್ಣಗಳಲ್ಲಿ ಮೇಲಿನ ಮಹಡಿಗಳಿಗೆ ಬೀಗ ಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ. ನಾಲ್ಕರಲ್ಲಿ ಒಂದು ಮಳಿಗೆ ಖಾಲಿ ಅಂತ ಹಿಡಿದರೆ ನನ್ನ 13,000 ಹದಿನೇಳು ಸಾವಿರ ದಾಟುತ್ತದೆ.

‘ಬಾಡಿಗೆ ಯಾಕೆ, ಸರ್ಕಾರ ಅನುದಾನ ಕೊಡುತ್ತೆ’ ಅನ್ನುವವರಿಗೂ ಉತ್ತರ ಹುಡುಕಿದೆ. ಸ್ಮಾರ್ಟ್ ಸಿಟಿ ದುಡ್ಡು ಇದೆ ಅಂತ ಅನೇಕರು ನಂಬಿದ್ದಾರೆ. ಆ ಪಟ್ಟಿಯಲ್ಲಿ ತುಮಕೂರು, ದಾವಣಗೆರೆ, ಶಿವಮೊಗ್ಗ ಇವೆ, ಮೈಸೂರು ಇಲ್ಲವೇ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟದ್ದರಲ್ಲಿ ನಮ್ಮಂಥ, ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರುಗಳಿಗೆ 60% ಹಣ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅದರಲ್ಲಿ ಅಂಗಡಿ ಕಟ್ಟುವ ಹಾಗಿಲ್ಲ. 2005ರಲ್ಲಿ ಶುರುವಾದ, ನಗರಗಳ ಮೂಲಸೌಕರ್ಯಕ್ಕೆ ಕೇಂದ್ರ ದುಡ್ಡು ಕೊಟ್ಟ ನರ್ಮ್ ಯೋಜನೆ ದೊಡ್ಡದು ನಿಜ. ಅದರಲ್ಲಿ ಕೇಂದ್ರ 80, ರಾಜ್ಯ 10, ಊರಿನ ಪಾಲು 10 ಅನ್ನುವ ಲೆಕ್ಕವಿತ್ತು. ಕಟ್ಟುವುದಕ್ಕೆ ದುಡ್ಡು ಸಿಕ್ಕಿತು, ಆಮೇಲೆ ನಡೆಸುವುದಕ್ಕೆ ಯಾರೂ ಕೊಡಲಿಲ್ಲ. ರಿಂಗ್ ರಸ್ತೆಯ ದೀಪಗಳು ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನುವ ಜಗ್ಗಾಟದಲ್ಲಿ ಎಷ್ಟು ಕಾಲ ಆರಿಕೊಂಡಿದ್ದವು ಅಂತ ಮೈಸೂರಿನವರಿಗೆ ಹೇಳಬೇಕಿಲ್ಲ.

ಇನ್ನು ರಾಜ್ಯ ಕೊಟ್ಟರೆ ಅದೂ ಬಹುಪಾಲು ಎಲ್ಲೋ ಒಂದು ಕಡೆ ಸಾಲವೇ. 1995ರಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಒಪ್ಪಿದ ಸಾಲದಲ್ಲಿ ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣಕ್ಕೆ ಕೆಲಸಗಳಾದವು. ಡಾಲರಿನಲ್ಲಿ ಹುಟ್ಟಿದ ಆ ಸಾಲ ದೆಹಲಿ, ಬೆಂಗಳೂರು ದಾಟಿ ಊರಿಗೆ ಬರುವಾಗ ಒಂದಷ್ಟು ಅನುದಾನ, ಒಂದಷ್ಟು ಸಾಲ ಆಗುತ್ತದೆ. ನಡುವೆ ನಿಂತು ಹಂಚುವುದು 1993ರಲ್ಲಿ ಹುಟ್ಟಿದ ಕೆಯುಐಡಿಎಫ್‌ಸಿ, ಅಂದರೆ ನಗರ ಮೂಲಸೌಕರ್ಯಕ್ಕೆ ಹಣ ಒದಗಿಸುವ ರಾಜ್ಯದ ನಿಗಮ. ನಿಗಮಗಳ ಹೆಸರಿನಲ್ಲಿ ಸಾಲ ಎತ್ತಿ ರಾಜ್ಯ ಬಜೆಟ್‌ನಿಂದ ತೀರಿಸುವುದೂ ಉಂಟು. 2022ರಿಂದ ಕೇಂದ್ರ ಅದನ್ನು ರಾಜ್ಯದ ಸಾಲ ಅಂತಲೇ ಎಣಿಸುತ್ತಿದೆ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜ್ಯದ ಒಟ್ಟು ಸಾಲದ ಹೊಣೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ 25% ಮೀರಬಾರದು ಅನ್ನುತ್ತದೆ. ಹಾಗಾಗಿ ಪಾಲಿಕೆಯ ಪುಸ್ತಕ ಮುಗಿಸಿ ರಾಜ್ಯ ಬಜೆಟ್ಟಿನ ಜೊತೆ ಬರುವ ಬಜೆಟ್ ಹೊರಗಿನ ಸಾಲದ ಪಟ್ಟಿಯನ್ನೂ ತೆರೆಯುತ್ತೇನೆ. ಸ್ವಲ್ಪ ಬೇಸರದ ಕೆಲಸ. ಒಂದು ಲೋಟ ಕಾಫಿ ಪಕ್ಕದಲ್ಲಿರಲಿ.

ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ: ರಿಪೇರಿಯೋ ಹೊಸದೋ ಅನ್ನುವ ವಾದವನ್ನು ಪರಂಪರೆಯ ಹೆಸರಿನಲ್ಲಿ ಮಾತ್ರ ಮಾಡಿದರೆ ಸಾಲದು. ರಿಪೇರಿಯಲ್ಲಿ ಹಂತ ಹಂತವಾಗಿ ದುಡ್ಡು ಹಾಕಬಹುದು, ಅಂಗಡಿಗಳು ನಡೆಯುತ್ತಿರುತ್ತವೆ, ಬಾಡಿಗೆ ಪೂರ್ತಿ ನಿಲ್ಲುವುದಿಲ್ಲ. ಕೆಡವಿದರೆ ಕಟ್ಟಿ ಮುಗಿಯುವವರೆಗೂ ಬಾಡಿಗೆ ಸೊನ್ನೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಪುರಭವನದ ನೆಲಮಾಳಿಗೆ ಪಾರ್ಕಿಂಗ್ ಎಷ್ಟು ವರ್ಷ ಎಳೆಯಿತು ನೋಡಿದ್ದೇವಲ್ಲ. ತಡವಾದ ಪ್ರತಿ ವರ್ಷವನ್ನೂ ನನ್ನ ಲೆಕ್ಕಕ್ಕೆ ಸೇರಿಸಿದಾಗ ಹೊಸ ಕಟ್ಟಡದ ಪರವಾದ ವಾದ ಬೇಗ ಸೋತಿತು.

2023ರ ನವೆಂಬರ್‌ನಲ್ಲಿ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ಇದನ್ನೆಲ್ಲ ಸಭೆಯಲ್ಲಿ ಎತ್ತುವುದಕ್ಕೆ ವಾರ್ಡಿನ ಸದಸ್ಯರೂ ಇಲ್ಲದಾಯಿತು. ಹಾಗಾಗಿ ಅಂಗಡಿಯವರೇ ಬಜೆಟ್ ಪೂರ್ವಭಾವಿ ಸಭೆಗೆ ಹಾಳೆ ಹಿಡಿದು ಹೋಗುವ ಹಾಗೆ ಒಂದು ಪುಟದಲ್ಲಿ ಬರೆದುಕೊಟ್ಟಿದ್ದೇನೆ. ಮಂಜೂರಾತಿ ಆದೇಶದ ಆ ವಾಕ್ಯ, ಠೇವಣಿ ಮತ್ತು ಬ್ಯಾಂಕ್ ಶಿಲ್ಕಿನ ಅಂತರ, ಬಾಕಿ ಬಿಲ್ಲಿನ ಮೊತ್ತ, ಕಟ್ಟುವ ಅವಧಿಯಲ್ಲಿ ಬಡ್ಡಿ ಯಾರದು. ಎಲೆ ಅಂಗಡಿ ಯಜಮಾನರು ಅದರ ಜೆರಾಕ್ಸ್ ಮಾಡಿಸಿ ಹೂವಿನ ಸಾಲಿನವರಿಗೂ ಹಂಚಿದ್ದಾರೆ.