ಇಂಕ್ ಪೆನ್ ಕೈಕೊಟ್ಟಾಗ

ಪೆನ್ ಬರೆಯುತ್ತಿಲ್ಲ ಅಂತ ನಿಬ್ಬನ್ನು ಒತ್ತಿ ಒತ್ತಿ ಗೀಚಬೇಡಿ. ಬಹಳಷ್ಟು ಸಲ ತಪ್ಪು ನಿಬ್ಬಿನದ್ದಲ್ಲ, ಅದರ ಕೆಳಗಿದ್ದು ನಿಬ್ಬಿಗೆ ಇಂಕ್ ತಲುಪಿಸುವ ಫೀಡ್‌ನ ಸಣ್ಣ ಕಾಲುವೆಯಲ್ಲಿ ಒಣಗಿ ಕೂತ ಇಂಕಿನದ್ದು. ಹಾಗಾಗಿ ಮೊದಲು ತೊಳೆಯಿರಿ.

ನಿಬ್ಬನ್ನು ತಣ್ಣೀರಲ್ಲಿ ಅದ್ದಿ, ಕನ್ವರ್ಟರ್ (ಪೆನ್ನಿನೊಳಗೆ ಇಂಕ್ ಎಳೆದು ತುಂಬಿಕೊಳ್ಳುವ ನಳಿಕೆ) ತಿರುಗಿಸಿ ನೀರು ಎಳೆದು ಹೊರಗೆ ಬಿಡಿ, ಬರುವ ನೀರು ತಿಳಿಯಾಗುವವರೆಗೂ ಇದನ್ನೇ ಮಾಡುತ್ತಿರಿ, ಬೇಜಾರಾದರೂ ಪರವಾಗಿಲ್ಲ. ಜಾಸ್ತಿ ಕಟ್ಟಿಕೊಂಡಿದ್ದರೆ ಒಂದು ಲೋಟ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರಾತ್ರಿ ನೆನೆಯಲು ಬಿಡಿ. ಆಮೇಲೆ ಬರೀ ನೀರಲ್ಲಿ ತೊಳೆದು ಒಣಗಿಸಿ. ಬಿಸಿನೀರು, ಸ್ಪಿರಿಟ್ ಬೇಡವೇ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ.

ಆಮೇಲೂ ಕಾಗದ ಕೆರೆಯುತ್ತಿದೆಯಾ? ಭೂತಗನ್ನಡಿಯಲ್ಲಿ ನಿಬ್ಬಿನ ತುದಿ ನೋಡಿ. ಸೀಳಿನ ಎರಡು ಕಡೆಯ ತುದಿಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲಿದ್ದರೆ ಉಗುರಿನಿಂದ ಮೆತ್ತಗೆ ಕೆಳಗೆ ಒತ್ತಿ, ಬರೆದು ನೋಡಿ, ಬೇಕಾದರೆ ಮತ್ತೆ ಒತ್ತಿ. ಸುಮ್ನೆ ಉಜ್ಜಲು ಹೋಗಬೇಡಿ, ತುದಿಯ ಗಟ್ಟಿ ಲೋಹ ಒಮ್ಮೆ ಸವೆದರೆ ವಾಪಸ್ ಬರುವುದಿಲ್ಲ. ಸೀಳು ತೀರಾ ಬಿಗಿಯಾಗಿ ಇಂಕ್ ಇಳಿಯದಿದ್ದರೆ ತೆಳುವಾದ ಹಿತ್ತಾಳೆ ಹಾಳೆಯನ್ನು ಒಳಗೆ ತೂರಿಸಿ ಒಂದೆರಡು ಸಲ ಎಳೆಯಿರಿ.

ಇಂಕ್ ತೊಟ್ಟಿಕ್ಕುವುದು ಬೇರೆ ಕಥೆ. ಡ್ರಾಪರ್‌ನಿಂದ ತುಂಬುವ ಪೆನ್ನಿನಲ್ಲಿ ಇಂಕ್ ಕಡಿಮೆಯಾದಾಗ ಒಳಗಿನ ಗಾಳಿ ಕೈಬಿಸಿಗೆ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ, ಪೂರ್ತಿ ಖಾಲಿಯಾಗುವ ಮೊದಲೇ ತುಂಬಿಸಿ. ತಿರುಪಿನ ಹತ್ತಿರ ಒಸರಿದರೆ ಅಲ್ಲಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ.

ಅಂದಹಾಗೆ, ಚಿತ್ರ ಬರೆಯುವ ಇಂಡಿಯನ್ ಇಂಕ್ ಮಾತ್ರ ಹಾಕಬೇಡಿ. ಅದು ಒಳಗೇ ಗಟ್ಟಿಯಾದರೆ ತೊಳೆದರೂ ಹೋಗುವುದು ಕಷ್ಟ.