"ಬೇರೆ ಕಡೆ ಹಾಕಿ ಸಾರ್" ಅಂದಾಗ ನಾನು ಮಾಡಿದ ಎಡವಟ್ಟು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜದ ಸಿಪ್ಪೆ ತೆಗೆದು, ಆರಿಸಿ, ವಿಂಗಡಿಸುವ ಕಾರ್ಖಾನೆ) ಮ್ಯಾನೇಜರ್ ಆಗಿದ್ದಾಗಿನ ಮಾತು. ಯಾರ ಗುರುತೂ ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಫೆಬ್ರವರಿ, ಸೀಸನ್ ಜೋರು. ಸಂಜೆ ಕಪ್ಪು ಬೀಜ ಆರಿಸುವ ಕಡೆಯ ಹೆಂಗಸೊಬ್ಬರು ಆಫೀಸ್ ಬಾಗಿಲಲ್ಲಿ ನಿಂತು, "ಸಾರ್, ನನ್ನನ್ನ ಬೇರೆ ಕಡೆ ಹಾಕಿ" ಅಂದರು. ಯಾಕಮ್ಮ ಅಂದೆ. "ಸುಮ್ನೆ ಸಾರ್" ಅಂದರು, ಸೆರಗಿಗೆ ಅಂಟಿದ್ದ ಹೊಟ್ಟು ಕೊಡವುತ್ತಾ. ನನಗೆ ಲಾರಿ ಲೆಕ್ಕದ ತಲೆಬಿಸಿ. ನಾಳೆಯಿಂದ ಕಣಕ್ಕೆ ಹೋಗಿ ಅಂತ ಹೇಳಿ ಪುಸ್ತಕಕ್ಕೆ ಮುಖ ಹಾಕಿದೆ. ಕೇಳಿದ್ದು ಕೊಟ್ಟೆನಲ್ಲ!

ಮೂರು ವಾರ ಆದ ಮೇಲೆ, ಅವರ ಪಕ್ಕ ಕೂರುತ್ತಿದ್ದ ಹಿರಿಯ ಹೆಂಗಸು ಗೇಟಿನ ಹತ್ತಿರ ಹಿಡಿದುಕೊಂಡರು. "ಅವಳ ಮೈಮೇಲೆ ಕೈ ಹಾಕಿದ್ದು ತೂಕ ಮಾಡೋನು. ಅವಳನ್ನ ಯಾಕ್ ಸಾರ್ ಬಿಸಿಲಿಗೆ ಹಾಕಿದ್ರಿ?"

ನಿಂತಲ್ಲೇ ಬೆವರಿದೆ. ಶೆಡ್ಡಿನ ಅರ್ಧ ಜನಕ್ಕೆ ವಿಷಯ ಗೊತ್ತಿತ್ತು, ಅದರ ಮೇಲೆ ನಾನು ಅವರನ್ನೇ ಎತ್ತಿ ಕಣಕ್ಕೆ ಹಾಕಿದ್ದರಿಂದ "ಇವಳದ್ದೇ ಏನೋ ಇರಬೇಕು" ಅನ್ನುವ ಮಾತೂ ಹುಟ್ಟಿಕೊಂಡಿತ್ತು.

ಇಬ್ಬರನ್ನೂ ಕೂರಿಸಿ ಮಾತಾಡಿಸೋಣ ಅಂತ ಹೊರಟೆ. ನಮ್ಮ ಕಡೆ ಎಲ್ಲದಕ್ಕೂ ಪಂಚಾಯ್ತಿಯೇ ಅಲ್ವಾ. ತಡೆದದ್ದು ಅಕೌಂಟ್ಸ್ ಮೇಡಂ. ಅವರೇ ನಮ್ಮ ಆಂತರಿಕ ಸಮಿತಿಯ ಅಧ್ಯಕ್ಷೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ, ಇಂಥ ದೂರು ವಿಚಾರಿಸಲು 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಈ ಸಮಿತಿ ಇರಲೇಬೇಕು, ನಮ್ಮದು ಅಲ್ಲಿಯವರೆಗೆ ಫೈಲಿನಲ್ಲಷ್ಟೇ ಇತ್ತು. ರಾಜಿ ಬೇಕು ಅಂತ ಆಕೆ ಕೇಳಿದರೆ ಮಾತ್ರ, ಅದೂ ವಿಚಾರಣೆಗೆ ಮುಂಚೆ, ದುಡ್ಡಿನ ಮಾತಿಲ್ಲದೆ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದರು.

ಆಕೆಗೆ ಬರೆಯಲು ಬರುತ್ತಿರಲಿಲ್ಲ. ಅಂಥವರಿಗೆ ದೂರು ಬರೆಯಲು ಸಮಿತಿಯೇ ನೆರವಾಗಬೇಕು, ಇದು ನನಗೆ ಗೊತ್ತೇ ಇರಲಿಲ್ಲ. ಮೇಡಂ ಆಕೆ ಹೇಳಿದ ಮಾತಿನಲ್ಲೇ ಬರೆದು, ಎರಡು ಸಲ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ನನ್ನ ಬೇಜವಾಬ್ದಾರಿಯಿಂದ ಅದರಲ್ಲಿ ಮೂರು ವಾರ ಸುಮ್ನೆ ಹೋಗಿತ್ತು.

ವಿಚಾರಣೆ ಮುಗಿಯುವವರೆಗೆ ಯಾರನ್ನು ಬೇರೆ ಕಡೆ ಹಾಕುವುದು? ಆಕೆ ಕೇಳಿಕೊಂಡರೆ ಇಬ್ಬರಲ್ಲಿ ಯಾರನ್ನಾದರೂ ವರ್ಗ ಮಾಡಿ ಅಂತ ಸಮಿತಿ ಶಿಫಾರಸು ಮಾಡಬಹುದು. ಈ ಸಲ ತೂಕದವನು ಗೋಡೌನಿಗೆ ಹೋದ, ಆಕೆ ತಮ್ಮ ಹಳೇ ಜಾಗಕ್ಕೆ ಬಂದರು. ಅವನಿಗೂ ದೂರಿನ ಪ್ರತಿ ಕೊಟ್ಟು, ಉತ್ತರ ಬರೆಯಲು ಸಮಯ ಕೊಟ್ಟೆವು. ಅವನ ಮೇಲೆ ಸಿಟ್ಟಿತ್ತು ನಿಜ, ಆದರೆ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲವಲ್ಲ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಬಾಯಿ ಮುಚ್ಚಿಕೊಂಡಿರುವುದು. ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಕೊನೆಗೆ ನನ್ನ ಭಾವಮೈದುನನೂ "ಏನು ಭಾವ, ನಿಮ್ಮಲ್ಲಿ ಏನೋ ಗಲಾಟೆಯಂತೆ" ಅಂದ. ಗೋಡೌನಲ್ಲಿ ಜನ ಕಮ್ಮಿ ಇದ್ದರು ಕಣಯ್ಯ ಅಂದು ಅಡಿಕೆ ಬಾಯಿಗೆ ಹಾಕಿಕೊಂಡೆ. ಸಮಿತಿ 90 ದಿನದೊಳಗೆ ವಿಚಾರಣೆ ಮುಗಿಸಿತು. ಏನು ತೀರ್ಮಾನ ಆಯಿತು ಅಂತ ಇಲ್ಲಿಯೂ ಹೇಳುವ ಹಾಗಿಲ್ಲ.

ಈಗ ಯಾರಾದರೂ ಬಾಗಿಲಲ್ಲಿ ನಿಂತು "ಬೇರೆ ಕಡೆ ಹಾಕಿ" ಅಂದರೆ ಮೊದಲು ಲೆಕ್ಕದ ಪುಸ್ತಕ ಮುಚ್ಚುತ್ತೇನೆ. ಮೇಡಂ ಹತ್ತಿರ ಮಾತಾಡ್ತೀರಾ ಅಂತ ಕೇಳುತ್ತೇನೆ. ಮೊನ್ನೆ ಒಬ್ಬರು ಹಾಗೇ ಬಂದಿದ್ದರು. ಅವರಿಗೆ ಬೇಕಾಗಿದ್ದು ಫ್ಯಾನಿನ ಕೆಳಗಿನ ಜಾಗ.