ಅಡಿಕೆ ಬೆಳೆಗಾರರ ಗುಂಪಿನಲ್ಲಿ ನಂಬಿಕೆ ಕುದುರಿದ ಬಗೆ

ಗುಂಪಿಗೆ ಬರುವ ಪ್ರತಿ ಬರಹವನ್ನೂ ಅಡ್ಮಿನ್ ಪರಿಶೀಲಿಸಿಯೇ ಬಿಡಬೇಕೆಂಬ ವಾದವನ್ನು ನಾನು ಕೈಬಿಟ್ಟು ನಾಲ್ಕೈದು ವರ್ಷಗಳಾದವು. ತೋಟದ ರೋಗಕ್ಕೆ ಔಷಧ ಸೂಚಿಸಿದವನೇ ಕೆಲವು ವಾರಗಳ ನಂತರ ಮರಳಿ ಬಂದು ಫಲಿತಾಂಶ ಹೇಳುವಂತೆ ಕಟ್ಟುಪಾಡು ಮಾಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಾನು ಹೇಳಿದಾಗ, ಗುಂಪು ಆರು ತಿಂಗಳಲ್ಲಿ ಬರಿದಾಗುತ್ತದೆ ಎಂದು ಜೊತೆಯ ಅಡ್ಮಿನ್‌ಗಳು ನಕ್ಕಿದ್ದರು. ಶಿರಸಿ, ಸಾಗರ ಕಡೆಯ ಅಡಿಕೆ ಬೆಳೆಗಾರರ ನಮ್ಮ ವಾಟ್ಸ್‌ಆ್ಯಪ್ ಗುಂಪು ಇನ್ನೂ ನಡೆಯುತ್ತಿದೆ. ನಕ್ಕವರೂ ಅದರಲ್ಲೇ ಇದ್ದಾರೆ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಯುವಕನೊಬ್ಬ ಬಲಿಯಾದ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗಳಿಗೆ ಇಳಿಸುವುದಾಗಿ ಪ್ರಕಟಿಸಿತು. ನಾವು ಒಂದು ಹೆಜ್ಜೆ ಮುಂದೆ ಹೋಗಿ ಫಾರ್ವರ್ಡನ್ನೇ ನಿಷೇಧಿಸಿದೆವು. ಆದರೆ ಬರಹವನ್ನು ನಕಲು ಮಾಡಿ ಅಂಟಿಸಿದರೆ ಫಾರ್ವರ್ಡ್ ಎಂಬ ಗುರುತೇ ಉಳಿಯುವುದಿಲ್ಲವಾದ್ದರಿಂದ, ವಿದೇಶಿ ಅಡಿಕೆ ಬಂದಿಳಿದಿದೆ, ದರ ಬೀಳಲಿದೆ ಎಂಬ ದಿನಾಂಕವಿಲ್ಲದ ಸುದ್ದಿ ಪ್ರತಿ ಕೊಯ್ಲಿನಲ್ಲೂ ಸ್ವಂತ ಮಾತಿನಂತೆ ವೇಷ ಬದಲಿಸಿ ಬರುತ್ತಿತ್ತು. ಅದನ್ನು ನಂಬಿ ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಕ್ವಿಂಟಲಿಗೆ ಸಾವಿರ, ಎರಡು ಸಾವಿರ ಕಡಿಮೆಗೆ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಹಣ್ಣಡಿಕೆ) ಕೊಟ್ಟವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಚಿತ್ರಗಳಿಂದ ಸತ್ಯ ಹಿಡಿಯುವ ಪ್ರಯತ್ನವೂ ಫಲಿಸಲಿಲ್ಲ. ಫೋಟೊವಾಗಿ ಕಳುಹಿಸಿದರೆ ತೆಗೆದ ದಿನ ಮತ್ತು ಸ್ಥಳದ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಆದರೆ ಎಲೆಚುಕ್ಕೆ ರೋಗ ಬಿದ್ದ ತೋಟದಲ್ಲಿ ನೆಟ್‌ವರ್ಕ್ ಹುಡುಕುತ್ತ ನಿಂತ ರೈತನಿಗೆ ಈ ಪಾಠ ಹಿಡಿಸಲಿಲ್ಲ. ಬರಹಗಳಿಗೆ ನಕ್ಷತ್ರ ಕೊಡಿಸಿ ನೋಡಿದ್ದು ಇನ್ನೂ ವಿಚಿತ್ರವಾಯಿತು: ಚೆನ್ನಾಗಿ ಬರೆಯುವವರಿಗೂ ನೆಂಟರಿಷ್ಟರಿಗೂ ಐದೈದು ಬಿದ್ದವು, ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಅಳತೆ ತಪ್ಪದೆ ಮಾಡುವ ಹಿರಿಯರೊಬ್ಬರಿಗೆ, ಕಾಗುಣಿತ ಸರಿಯಿಲ್ಲವೆಂದೋ ಏನೋ, ಎರಡೇ ಬಿದ್ದವು.

ಈಗಿನ ಕ್ರಮ ಸರಳವಾಗಿದೆ. ಸಲಹೆ ಕೊಡುವವರು ಅದು ತಾವು ಕಂಡದ್ದೋ ಕೇಳಿದ್ದೋ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಕಂಡದ್ದಾದರೆ ಎಷ್ಟು ಮರಕ್ಕೆ, ಯಾವಾಗ, ಯಾವ ಪ್ರಮಾಣದಲ್ಲಿ ಹೊಡೆದದ್ದು, ಆಮೇಲೆ ಮಳೆ ಬಂತೇ ಎಂಬುದನ್ನೂ ಸೇರಿಸಬೇಕು. ಸುಮಾರು ಒಂದೂವರೆ ತಿಂಗಳಿಗೆ ಅವರ ಹಳೆಯ ಬರಹವನ್ನೇ ಅವರಿಗೆ ಮರಳಿ ಕಳುಹಿಸಿ ಏನಾಯಿತೆಂದು ಕೇಳುತ್ತೇವೆ. ಎರಡು ಬಾರಿ ಉತ್ತರ ಬಾರದಿದ್ದರೆ ಅವರ ಮುಂದಿನ ಸಲಹೆಗಳು ಕೇಳಿದ್ದರ ಸಾಲಿಗೆ ಸೇರುತ್ತವೆ. ದರದ ಸುದ್ದಿಗೆ ಮಾತ್ರ ಆ ದಿನದ ಮಾರಾಟ ಪಟ್ಟಿಯ ಚಿತ್ರ ಕಡ್ಡಾಯ. ರಾಶಿಯೋ ಬೆಟ್ಟೆಯೋ ಚಾಲಿಯೋ ಎಂದು ಅಡಿಕೆಯ ಬಗೆ ಹೇಳದ ದರವನ್ನು ನಾವು ದರವೆಂದೇ ಪರಿಗಣಿಸುವುದಿಲ್ಲ.

ಮೊದಲ ವರ್ಷ ಮರಳಿ ಬಂದ ಉತ್ತರಗಳಲ್ಲಿ ಸೋಲಿನ ಮಾತೇ ಇರಲಿಲ್ಲ, ಎಲ್ಲ ಔಷಧವೂ ಎಲ್ಲರಿಗೂ ಹಿಡಿದಿತ್ತು! ಕಾರಣ ಹುಡುಕಿದಾಗ ತಿಳಿದದ್ದು, ಔಷಧ ಮಾರುವ ಅಂಗಡಿಯವನೇ ಅನೇಕರಿಗೆ ಸಾಲ ಕೊಟ್ಟವನು, ಅವನೂ ಗುಂಪಿನಲ್ಲಿದ್ದಾನೆ ಎಂಬುದು. ಹೀಗಾಗಿ ಫಲಿತಾಂಶವನ್ನು ಅಡ್ಮಿನ್‌ಗೆ ಖಾಸಗಿಯಾಗಿ ಹೇಳಬಹುದು, ಹೆಸರಿಲ್ಲದೆ ಪ್ರಕಟವಾಗುತ್ತದೆ ಎಂದು ಮಾಡಿದ ಮೇಲೆ ಹತ್ತರಲ್ಲಿ ಮೂರ್ನಾಲ್ಕು ಉತ್ತರಗಳು ಹಿಡಿಯಲಿಲ್ಲ ಎಂದೇ ಬರತೊಡಗಿದವು. ಸಲಹೆಗೆ ಹೆಸರು ಬೇಕು, ಸೋಲಿಗೆ ಹೆಸರು ಬೇಡ ಎಂಬ ಈ ಏರ್ಪಾಡನ್ನು ಬೇರೆ ಯಾವ ಗುಂಪಿನಲ್ಲೂ ನಾನು ನೋಡಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಈ ಸಲಹೆ, ಫಲಿತಾಂಶಗಳನ್ನೆಲ್ಲ ದಾಖಲಿಸುವ ಶೀಟ್ ತುಂಬುವ ಕಾಲೇಜು ಹುಡುಗಿಗೆ ತಿಂಗಳಿಗೆ ಮೂರು ಸಾವಿರದಷ್ಟು ಕೊಡುತ್ತೇವೆ. ಚಿತ್ರಗಳಿಂದ ತುಂಬಿ ಸತ್ತುಹೋದ ಫೋನಿನ ಬದಲಿಗೆ ಹದಿನೆಂಟು ಸಾವಿರದ ಆಸುಪಾಸಿನದೊಂದನ್ನು ಕೊಂಡೆವು. ತನ್ನ ಬಾಟಲಿಯ ಜಾಹೀರಾತು ಹಾಕಿದರೆ ತಿಂಗಳಿಗೆ ಐದು ಸಾವಿರ ಕೊಡುವೆನೆಂದು ಬಂದ ವಿತರಕನನ್ನು ಕಾಫಿ ಕುಡಿಸಿ ಕಳುಹಿಸಿದೆ. ವರ್ಷಕ್ಕೆ ಇನ್ನೂರು ರೂಪಾಯಿ ಚಂದಾ ಇಟ್ಟಾಗ ಒಂಬೈನೂರರಷ್ಟಿದ್ದ ಸದಸ್ಯರು ಐನೂರರ ಕೆಳಗಿಳಿದರು, ಆದರೆ ಹೋದವರಲ್ಲಿ ಬಹುಪಾಲು ಶುಭೋದಯದ ಚಿತ್ರ ಹಾಕುವವರೇ ಆಗಿದ್ದರು.

ರೈತನ ಹೆಸರಿನಲ್ಲಿ ಬರೆಯುವ ಕಂಪನಿ ಏಜೆಂಟನನ್ನು ಮೊದಲ ಎರಡು ಸಂದೇಶಗಳಲ್ಲೇ ಗುರುತಿಸುವ ಉಪಾಯವೊಂದು ನನ್ನಲ್ಲಿದೆ; ಇಲ್ಲಿ ಬರೆದರೆ ಅವರೂ ಓದುತ್ತಾರೆ, ಆದ್ದರಿಂದ ಬರೆಯುವುದಿಲ್ಲ. ಈ ಮಳೆಗಾಲದಿಂದ ಪಕ್ಕದ ತಾಲ್ಲೂಕಿನ ಎರಡು ಗುಂಪುಗಳು ನಮ್ಮ ಶೀಟನ್ನು ಬಳಸುತ್ತಿದ್ದು, ಅವರ ಅಡ್ಮಿನ್‌ಗಳಿಗೆ ಆ ಉಪಾಯವನ್ನು ಫೋನಿನಲ್ಲಷ್ಟೇ ಹೇಳಿದ್ದೇನೆ.